ಸುಳ್ಳು ಹೇಳುವ ಹಲ್ಲುನೋವು ಮತ್ತು ಅಬುಲ್ ಕಾಸಿಂ ಅಲ್-ಝಹ್ರಾವಿ

ಕಳೆದ ವರ್ಷ ಅರ್ಧವಾರ್ಷಿಕ ಪರೀಕ್ಷೆಯ ಹಿಂದಿನ ದಿನ ನನಗೆ ಹಲ್ಲುನೋವು ಶುರುವಾಯಿತು. ಎಡಗಡೆ, ಕೆಳಗಿನ ದವಡೆ. ರಾತ್ರಿಯಿಡೀ ಲವಂಗ ಕಚ್ಚಿಕೊಂಡು ಕುಳಿತೆ. ಪುಸ್ತಕ ತೆರೆದೇ ಇತ್ತು, ಓದಿದ್ದು ತಲೆಗೆ ಹತ್ತಲಿಲ್ಲ. ಪರೀಕ್ಷೆ ಮುಗಿದ ಮೇಲೆ ಅಬ್ಬಾ ದಂತವೈದ್ಯರ ಬಳಿ ಕರೆದುಕೊಂಡು ಹೋದರು. ನೋಯುವ ಹಲ್ಲನ್ನು ಬೆರಳಿಟ್ಟು ತೋರಿಸಿ, ಇದನ್ನು ಕಿತ್ತುಬಿಡಿ ಎಂದೆ. ಡಾಕ್ಟರ್ ಕೀಳಲಿಲ್ಲ. ಒಂದೊಂದೇ ಹಲ್ಲನ್ನು ತಟ್ಟಿ ನೋಡಿದರು, ತಣ್ಣಗಿನದನ್ನು ಮುಟ್ಟಿಸಿ ನೋಡಿದರು, ಎಕ್ಸ್‌ರೇ ತೆಗೆದರು. ಹುಳುಕಾಗಿದ್ದದ್ದು ನಾನು ತೋರಿಸಿದ ಹಲ್ಲಲ್ಲ, ಅದೇ ಬದಿಯ ಮೇಲಿನ ದವಡೆಯಲ್ಲಿದ್ದ ಇನ್ನೊಂದು!

ಮನೆಗೆ ಬಂದು ಇದನ್ನು ಹೇಳಿದಾಗ ಎಲ್ಲರೂ ನಕ್ಕರು. ನಾನಿ ಮಾತ್ರ ನಗಲಿಲ್ಲ. ಬಾಯಿ ತೆರೆದು ತಮ್ಮ ಬಲದವಡೆಯ ಖಾಲಿ ಜಾಗವನ್ನು ತೋರಿಸಿದರು. ಮದುವೆಯಾದ ಹೊಸದರಲ್ಲಿ ಅವರಿಗೂ ಹೀಗೆಯೇ ನೋವು ಬಂದಿತ್ತಂತೆ. ಸಂತೆಯಲ್ಲಿ ಹಲ್ಲು ಕೀಳುವವನೊಬ್ಬ ಕೂರುತ್ತಿದ್ದ. ಇವರು ತೋರಿಸಿದರು, ಅವನು ಕಿತ್ತ. ಹಲ್ಲು ಬಂತು, ನೋವು ಹೋಗಲಿಲ್ಲ. ಮುಂದಿನ ಸಂತೆಗೆ ಪಕ್ಕದ ಹಲ್ಲನ್ನೂ ಕೀಳಿಸಿಕೊಂಡ ಮೇಲೆಯೇ ನಿದ್ದೆ ಹತ್ತಿದ್ದು. ಐವತ್ತು ವರ್ಷಗಳಿಂದ ನಾನಿ ಒಂದೇ ಬದಿಯಲ್ಲಿ ಅಗಿಯುತ್ತಿದ್ದಾರೆ. ತಪ್ಪು ತೋರಿಸಿದ್ದು ನಾನೇ ಎಂದು ಇಂದಿಗೂ ಅವರ ನಂಬಿಕೆ.

ಆ ಮಾತು ನನ್ನ ಮನಸ್ಸಿನಲ್ಲಿ ಉಳಿದಿತ್ತು. ಕೆಲವು ದಿನಗಳ ನಂತರ ಗ್ರಂಥಾಲಯದಲ್ಲಿ ವೈದ್ಯಕೀಯ ಇತಿಹಾಸದ ಒಂದು ಪುಸ್ತಕ ಕೈಗೆ ಸಿಕ್ಕಿತು. ಸುಮಾರು 1000 ವರ್ಷಗಳ ಹಿಂದೆ ಸ್ಪೇನಿನಲ್ಲಿದ್ದ ಒಬ್ಬ ವೈದ್ಯರು ನಾನಿಯ ಕಥೆಯನ್ನೇ ಬರೆದಿಟ್ಟಿದ್ದರು. ಅವರ ಹೆಸರು ಅಬುಲ್ ಕಾಸಿಂ ಖಲಫ್ ಇಬ್ನ್ ಅಬ್ಬಾಸ್ ಅಲ್-ಝಹ್ರಾವಿ. ಶಸ್ತ್ರಚಿಕಿತ್ಸೆಯ ಪಿತಾಮಹ ಎಂದು ಇವರ ಹೆಸರನ್ನು ನಾವು ಕ್ವಿಜ್‌ಗಳಲ್ಲಿ ಕೇಳಿದ್ದೇವೆ. ಅಲ್ಲಿಗೇ ನಿಲ್ಲಿಸುತ್ತೇವೆ. ನಾನೂ ಅಲ್ಲಿಗೇ ನಿಲ್ಲಿಸಿದ್ದೆ.

ಅಂದು ಸ್ಪೇನಿನಲ್ಲಿ ಮುಸ್ಲಿಂ ಆಳ್ವಿಕೆಯಲ್ಲಿದ್ದ ಭಾಗವನ್ನು ಅಲ್-ಅಂದಲುಸ್ ಎನ್ನುತ್ತಿದ್ದರು. ಅದರ ರಾಜಧಾನಿ ಕುರ್ತುಬಾ, ಅಂದರೆ ಇಂದಿನ ಕಾರ್ಡೋಬಾ. ಖಲೀಫ ಮೂರನೇ ಅಬ್ದುರ್ರಹ್ಮಾನರು ಸುಮಾರು 936ರಲ್ಲಿ ಅದರ ಪಶ್ಚಿಮಕ್ಕೆ ಕೆಲವು ಕಿಲೋಮೀಟರ್ ದೂರದ ಬೆಟ್ಟದ ತಪ್ಪಲಲ್ಲಿ ಮದೀನತುಝ್ಝಹ್ರಾ ಎಂಬ ಹೊಸ ಅರಮನೆ ನಗರವನ್ನು ಕಟ್ಟಿಸಲು ಆರಂಭಿಸಿದರು. ಅಲ್-ಝಹ್ರಾವಿಯವರು ಹುಟ್ಟಿದ್ದೂ ಹೆಚ್ಚುಕಡಿಮೆ ಅದೇ ವರ್ಷ ಎನ್ನುತ್ತಾರೆ. ಆ ನಗರದಿಂದಲೇ ಅವರಿಗೆ ಆ ಹೆಸರು. ಹೆಸರಿನ ಜೊತೆಗೆ ಅನ್ಸಾರಿ ಎಂದೂ ಸೇರುವುದರಿಂದ, ಮದೀನಾದ ಅನ್ಸಾರರ ವಂಶದವರೆಂದು ತಿಳಿಯುತ್ತದೆ. ಖಲೀಫ ಎರಡನೇ ಅಲ್-ಹಕಮರ ಆಸ್ಥಾನ ವೈದ್ಯರಾಗಿದ್ದರು ಎಂಬ ಮಾತಿದೆ. ಬದುಕಿನ ಬಹುಭಾಗವನ್ನು ಕಾರ್ಡೋಬಾದ ಆಸುಪಾಸಿನಲ್ಲೇ ರೋಗಿಗಳನ್ನು ನೋಡುತ್ತ, ಶಿಷ್ಯರಿಗೆ ಕಲಿಸುತ್ತ ಕಳೆದರು.

ಸುಮಾರು 50 ವರ್ಷಗಳ ಅನುಭವವನ್ನು ಅವರು ಒಂದು ದೊಡ್ಡ ಗ್ರಂಥಕ್ಕೆ ಇಳಿಸಿದರು. ಅದು ಕಿತಾಬ್ ಅತ್ತಸ್ರೀಫ್. ಒಟ್ಟು 30 ಭಾಗಗಳು. ಕ್ರಿ.ಶ. 1000ದ ಹೊತ್ತಿಗೆ ಮುಗಿಯಿತು. ಔಷಧ, ಆಹಾರ, ರೋಗಲಕ್ಷಣ ಎಲ್ಲವೂ ಅದರಲ್ಲಿವೆ. ಆದರೆ ಅವರಿಗೆ ಹೆಸರು ತಂದದ್ದು ಕೊನೆಯ, 30ನೆಯ ಭಾಗ. ಅದು ಪೂರ್ತಿ ಶಸ್ತ್ರಚಿಕಿತ್ಸೆಗೆ ಮೀಸಲು. ಸುಮಾರು 200 ಉಪಕರಣಗಳ ಚಿತ್ರಗಳನ್ನು ಬರೆದು, ಯಾವುದನ್ನು ಯಾವಾಗ ಹೇಗೆ ಹಿಡಿಯಬೇಕೆಂದು ವಿವರಿಸಿದ್ದಾರೆ.

ಆ ಭಾಗವನ್ನು ಅವರು ಆರಂಭಿಸುವುದೇ ಬೇಸರದಿಂದ. ತಮ್ಮ ನಾಡಿನಲ್ಲಿ ಶಸ್ತ್ರವಿದ್ಯೆ ಅಳಿದೇ ಹೋಗುವಂತಾಗಿದೆ, ಅಂಗರಚನೆ ತಿಳಿಯದವರೂ ಚಾಕು ಹಿಡಿಯುತ್ತಿದ್ದಾರೆ ಎಂದು ನೊಂದುಕೊಳ್ಳುತ್ತಾರೆ. ಕಣ್ಣಾರೆ ಕಂಡದ್ದನ್ನೂ ಬರೆಯುತ್ತಾರೆ. ಒಬ್ಬ ಅರೆಬರೆ ವೈದ್ಯ ಹೆಂಗಸೊಬ್ಬಳ ಕುತ್ತಿಗೆಯ ಗಡ್ಡೆಯನ್ನು ಕೊಯ್ಯಲು ಹೋಗಿ ರಕ್ತನಾಳವನ್ನೇ ಕತ್ತರಿಸಿದ. ಆಕೆ ರಕ್ತ ಹರಿದು ಅವನ ಕೈಯಲ್ಲೇ ಸತ್ತಳು. ಇಂಥ ಸಂಗತಿಗಳನ್ನು ಹೇಳಿ, ಶಿಷ್ಯರನ್ನು ಮಕ್ಕಳೇ ಎಂದು ಕರೆದು, ಹಣದಾಸೆಗೆ ಬಿದ್ದು ಗೊತ್ತಿಲ್ಲದ ಕೆಲಸಕ್ಕೆ ಕೈ ಹಾಕಬೇಡಿ ಎಂದು ಎಚ್ಚರಿಸುತ್ತಾರೆ.

ಇನ್ನು ಹಲ್ಲಿನ ವಿಷಯ. ಮೊದಲು ಅವರು ಹೇಳುವುದು ಹಲ್ಲಿನ ಪಾಚಿಯ ಬಗ್ಗೆ. ಹಲ್ಲುಗಳ ಒಳಗೆ ಹೊರಗೆ ಮತ್ತು ಒಸಡಿನ ಸಂದಿಯಲ್ಲಿ ಒರಟಾದ ಪದರ ಕೂರುತ್ತದೆ, ಅದು ಕಪ್ಪು, ಹಳದಿ, ಹಸಿರು ಬಣ್ಣಕ್ಕೆ ತಿರುಗುತ್ತದೆ, ಅದರಿಂದ ಒಸಡು ಕೆಡುತ್ತದೆ ಎಂದು ಅವರು ಗುರುತಿಸಿದ್ದರು. ಅದನ್ನು ಕೆರೆದು ತೆಗೆಯಲು 14 ಬಗೆಯ ಸಲಕರಣೆಗಳ ಚಿತ್ರ ಕೊಟ್ಟಿದ್ದಾರೆ. ಒಳಬದಿಗೆ ಬೇಕಾದದ್ದು ಬೇರೆ, ಹೊರಬದಿಗೆ ಬೇರೆ, ಹಲ್ಲುಗಳ ನಡುವಿಗೆ ಇನ್ನೊಂದು. ಒಂದೇ ದಿನ ಮುಗಿಯದಿದ್ದರೆ ಮರುದಿನ ಮಾಡಿ, ಪೂರ್ತಿ ಹೋಗುವವರೆಗೆ ಮಾಡಿ ಎನ್ನುತ್ತಾರೆ. ಇಂದು ಕ್ಲಿನಿಕ್‌ನಲ್ಲಿ ಸ್ಕೇಲಿಂಗ್ ಎಂದು ಮಾಡುವುದು ಇದನ್ನೇ.

ಹಲ್ಲು ಕೀಳುವ ಅಧ್ಯಾಯವನ್ನು ಓದಿದಾಗ ನನಗೆ ನಾನಿ ನೆನಪಾದರು. ಹಲ್ಲು ಅಮೂಲ್ಯವಾದದ್ದು, ಹೋದರೆ ಅದರ ಜಾಗಕ್ಕೆ ಬರುವಂಥದ್ದು ಇಲ್ಲ, ಆದ್ದರಿಂದ ಬೇರೆ ಎಲ್ಲ ಉಪಾಯ ಮುಗಿಯುವವರೆಗೆ ಕೀಳಬಾರದು ಎಂಬುದು ಅವರ ಮೊದಲ ನಿಯಮ. ಎರಡನೆಯದು, ಕೀಳಲೇಬೇಕಾದರೆ ಯಾವ ಹಲ್ಲೆಂದು ಖಚಿತ ಮಾಡಿಕೊಳ್ಳಬೇಕು. ನೋವು ರೋಗಿಯನ್ನು ಮೋಸಗೊಳಿಸುತ್ತದೆ. ಗಟ್ಟಿ ಹಲ್ಲನ್ನು ತೋರಿಸಿ ಕೀಳಿಸಿಕೊಳ್ಳುತ್ತಾನೆ, ನೋವು ಹಾಗೇ ಉಳಿಯುತ್ತದೆ. ಅಂದು ಹಲ್ಲು ಕೀಳುತ್ತಿದ್ದ ಕ್ಷೌರಿಕರ ಕೈಯಲ್ಲಿ ಹೀಗಾಗುವುದನ್ನು ತಾವು ಕಂಡಿದ್ದಾಗಿ ಹೇಳುತ್ತಾರೆ. ಹುಡುಕಿ ತಿಳಿಯಬೇಕಾದ ಹೊಣೆ ಕೀಳುವವನದು, ತೋರಿಸುವವನದಲ್ಲ. ಇದಕ್ಕೆ ಕಾರಣ ಈಗ ನಮಗೆ ಗೊತ್ತಿದೆ. ಮೇಲಿನ ಮತ್ತು ಕೆಳಗಿನ ದವಡೆಯ ಹಲ್ಲುಗಳ ನೋವಿನ ಸುದ್ದಿಯನ್ನು ಮೆದುಳಿಗೆ ಒಯ್ಯುವುದು ಟ್ರೈಜೆಮಿನಲ್ ಎಂಬ ಒಂದೇ ನರದ ಕವಲುಗಳು. ಸುದ್ದಿ ಎಲ್ಲಿಂದ ಬಂತೆಂದು ಗುರುತಿಸುವಲ್ಲಿ ಮೆದುಳು ಎಡವುತ್ತದೆ.

ಕೀಳುವ ಕ್ರಮವನ್ನೂ ಹಂತಹಂತವಾಗಿ ಹೇಳಿದ್ದಾರೆ. ಮೊದಲು ಹಲ್ಲಿನ ಸುತ್ತ ಒಸಡನ್ನು ಬಿಡಿಸಬೇಕು. ಬೆರಳಿನಿಂದಲೋ ಸಣ್ಣ ಇಕ್ಕಳದಿಂದಲೋ ಸ್ವಲ್ಪಸ್ವಲ್ಪವೇ ಅಲುಗಾಡಿಸಬೇಕು. ಆಮೇಲೆ ದೊಡ್ಡ ಇಕ್ಕಳದಿಂದ ಹಿಡಿದು ನೇರಕ್ಕೆ ಎಳೆಯಬೇಕು. ಹಲ್ಲು ಟೊಳ್ಳಾಗಿದ್ದರೆ ಇಕ್ಕಳದ ಒತ್ತಡಕ್ಕೆ ಪುಡಿಯಾಗದಂತೆ ಮೊದಲು ಆ ರಂಧ್ರಕ್ಕೆ ಬಟ್ಟೆ ತುರುಕಿ ಬಿಗಿ ಮಾಡಬೇಕು. ಅವಸರ ಮಾಡಿದರೆ ಬೇರು ಒಳಗೇ ಮುರಿದು ಉಳಿಯುತ್ತದೆ, ಇಲ್ಲವೇ ದವಡೆಯ ಮೂಳೆಯೂ ಕಿತ್ತು ಬರುತ್ತದೆ ಎಂದು ಎಚ್ಚರಿಕೆ.

ನನಗೆ ತುಂಬಾ ಹಿಡಿಸಿದ್ದು ಅಲುಗಾಡುವ ಹಲ್ಲುಗಳನ್ನು ಉಳಿಸುವ ಅಧ್ಯಾಯ. ಅಲುಗುವ ಹಲ್ಲುಗಳನ್ನು ಎರಡೂ ಬದಿಯ ಗಟ್ಟಿ ಹಲ್ಲುಗಳಿಗೆ ತಂತಿಯಿಂದ ಹೆಣೆದು ಕಟ್ಟುವುದು ಅವರ ವಿಧಾನ. ತಂತಿ ಜಾರದಂತೆ ಬೇರಿನ ಹತ್ತಿರ ಬಿಗಿಯಬೇಕು. ಉಳಿದ ತುದಿಯನ್ನು ಕತ್ತರಿಸಿ, ತಿರುಚಿ, ನಾಲಿಗೆಗೆ ಚುಚ್ಚದಂತೆ ಹಲ್ಲುಗಳ ಸಂದಿಯಲ್ಲಿ ಅಡಗಿಸಬೇಕು. ತಂತಿ ಯಾವುದರದ್ದಿರಬೇಕು? ಚಿನ್ನ ಅಥವಾ ಬೆಳ್ಳಿ, ಆದರೆ ಚಿನ್ನವೇ ಮೇಲು ಎನ್ನುತ್ತಾರೆ. ಬೆಳ್ಳಿ ಕೆಲವೇ ದಿನಗಳಲ್ಲಿ ಹಸಿರುಗಟ್ಟಿ ಕೆಡುತ್ತದೆ, ಚಿನ್ನ ಹಾಗೇ ಉಳಿಯುತ್ತದೆ ಎಂಬುದು ಅವರು ನೋಡಿ ಕಂಡುಕೊಂಡದ್ದು. ದ್ವಿತೀಯ ಪಿಯುಸಿಯ ಎಲೆಕ್ಟ್ರೋಕೆಮಿಸ್ಟ್ರಿ ಪಾಠದ ಪಟ್ಟಿಯನ್ನು ತೆರೆದು ನೋಡಿ. ಬೆಳ್ಳಿಯ ಬೆಲೆ 0.80 ವೋಲ್ಟ್, ಚಿನ್ನ ಅದಕ್ಕಿಂತ ಬಹಳ ಮೇಲಿದೆ. ಅಂದರೆ ಚಿನ್ನ ಸುಲಭವಾಗಿ ಎಲೆಕ್ಟ್ರಾನ್ ಬಿಟ್ಟುಕೊಡುವುದಿಲ್ಲ. ನಾವು ಅಂಕಕ್ಕಾಗಿ ಉರುಹೊಡೆಯುವ ಆ ಪಟ್ಟಿಯ ಅರ್ಥವನ್ನು ಅವರು ರೋಗಿಗಳ ಬಾಯಲ್ಲೇ ಓದಿದ್ದರು.

ಬಿದ್ದುಹೋದ ಹಲ್ಲನ್ನೂ ಮತ್ತೆ ಅದೇ ಜಾಗದಲ್ಲಿಟ್ಟು ಹೀಗೆ ಕಟ್ಟಬಹುದು, ಇಲ್ಲವೇ ದನದ ಮೂಳೆಯಿಂದ ಹಲ್ಲಿನಾಕಾರ ಕೆತ್ತಿ ಕೂರಿಸಬಹುದು ಎಂದೂ ಬರೆದಿದ್ದಾರೆ. ಬಾಯಿ ಸುಲಭದ ಜಾಗವಲ್ಲ. ಸದಾ ತೇವ, ಬಿಸಿ ಚಹಾ, ಹುಳಿ, ಅಗಿಯುವ ಒತ್ತಡ. ಅಲ್ಲಿಡುವ ವಸ್ತು ತುಕ್ಕು ಹಿಡಿಯಬಾರದು, ದೇಹಕ್ಕೆ ಕೇಡು ಮಾಡಬಾರದು, ಬೇಗ ಸವೆಯಬಾರದು. ದಂತ ಸಾಮಗ್ರಿಗಳ ಸಂಶೋಧಕರು ಇಂದಿಗೂ ಕೇಳುವ ಪ್ರಶ್ನೆಗಳು ಇವೇ. 1965ರಲ್ಲಿ ಸ್ವೀಡನ್ನಿನ ಬ್ರಾನೆಮಾರ್ಕ್ ದವಡೆಯ ಮೂಳೆಗೆ ಟೈಟಾನಿಯಂ ಕೂರಿಸಿ ಅದರ ಮೇಲೆ ಹಲ್ಲು ನಿಲ್ಲಿಸಿದ್ದೂ ಇದೇ ದಾರಿಯಲ್ಲಿ.

ಬಾಯಿಯ ಶಸ್ತ್ರಚಿಕಿತ್ಸೆಯಲ್ಲೂ ಅವರ ವಿವೇಕ ಕಾಣುತ್ತದೆ. ನಾಲಿಗೆಯ ಕೆಳಗೆ ಕಪ್ಪೆಯಂತೆ ಉಬ್ಬುವ ಗಂಟು ಬೆಳ್ಳಗಿದ್ದು ನೀರು ತುಂಬಿದ್ದರೆ ಕೊಯ್ದು ತೆಗೆಯಿರಿ, ಕಪ್ಪಾಗಿ ಗಟ್ಟಿಯಾಗಿದ್ದರೆ ಅದು ಕ್ಯಾನ್ಸರ್, ಮುಟ್ಟಬೇಡಿ ಎನ್ನುತ್ತಾರೆ. ತಮ್ಮ ಕೈಲಾಗುವುದು ಎಲ್ಲಿಗೆ ನಿಲ್ಲುತ್ತದೆ ಎಂದು ಅವರಿಗೆ ತಿಳಿದಿತ್ತು.

ಹಾಗೆಂದು ಅವರು ಹೇಳಿದ್ದೆಲ್ಲವೂ ಸರಿ ಎಂದಲ್ಲ. ಕಾಯಿಸಿದ ಕಬ್ಬಿಣದಿಂದ ಸುಡುವುದನ್ನು ಅವರು ಹಲವಾರು ಕಾಯಿಲೆಗಳಿಗೆ ಮದ್ದೆಂದು ನಂಬಿದ್ದರು. ಹಲ್ಲುನೋವಿಗೂ ಬಿಸಿ ಬೆಣ್ಣೆ, ಕಾದ ಸಲಾಕೆ ಬಳಸುತ್ತಿದ್ದರು. ಇಂದು ಅದನ್ನು ಯಾರೂ ಒಪ್ಪುವುದಿಲ್ಲ. ಇಂದಿನಂತೆ ಮರಗಟ್ಟಿಸುವ ಇಂಜೆಕ್ಷನ್ ಇಲ್ಲದ ಕಾಲವದು. ಅವರ ರೋಗಿಗಳು ಪಟ್ಟ ನೋವನ್ನು ನೆನೆದರೆ ನನ್ನ ಒಂದು ರಾತ್ರಿಯ ನೋವು ಏನೂ ಅಲ್ಲ.

ಅವರ ಕೊನೆಯ ವರ್ಷಗಳು ನೆಮ್ಮದಿಯವಲ್ಲ. ಅಂತಃಕಲಹ ಹೊತ್ತಿಕೊಂಡು ಮದೀನತುಝ್ಝಹ್ರಾ ಲೂಟಿಯಾಗಿ ಹಾಳುಬಿತ್ತು. ಅವರು ತೀರಿಕೊಂಡದ್ದು ಸುಮಾರು 1013ರಲ್ಲಿ. ನಗರ ಮಣ್ಣಡಿ ಸೇರಿತು, ಪುಸ್ತಕ ಉಳಿಯಿತು. 12ನೇ ಶತಮಾನದಲ್ಲಿ ಕ್ರೆಮೋನಾದ ಜೆರಾರ್ಡ್ ಎಂಬ ಇಟಲಿಯ ವಿದ್ವಾಂಸರು ತೊಲೆದೊ ನಗರದಲ್ಲಿ ಶಸ್ತ್ರಚಿಕಿತ್ಸೆಯ ಭಾಗವನ್ನು ಲ್ಯಾಟಿನ್‌ಗೆ ತಂದರು. ಯುರೋಪಿನಲ್ಲಿ ಅಲ್ಬುಕಾಸಿಸ್ ಎಂಬ ಹೆಸರಿನಲ್ಲಿ ಅದನ್ನು ಶತಮಾನಗಳ ಕಾಲ ಓದಿದರು. 1465ರಲ್ಲಿ ಸಬುಂಜುಓಗ್ಲು ಎಂಬ ವೈದ್ಯರು ಅದನ್ನು ಆಧರಿಸಿ ತುರ್ಕಿ ಭಾಷೆಯಲ್ಲಿ ಬಣ್ಣದ ಚಿತ್ರಗಳೊಂದಿಗೆ ಬರೆದರು. 1911ರಿಂದ ಆ ನಗರದ ಉತ್ಖನನ ನಡೆಯುತ್ತಿದ್ದು, 2018ರಲ್ಲಿ ಅದು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಸ್ನೇಹಿತರೇ, ಒಂದು ಮಾತು ಒಪ್ಪಿಕೊಳ್ಳುತ್ತೇನೆ. ನಮ್ಮ ತರಗತಿಯಲ್ಲಿ ಬಯಾಲಜಿ ತೆಗೆದುಕೊಂಡವರೆಲ್ಲ ಎಂಬಿಬಿಎಸ್ ಎನ್ನುವಾಗ ದನಿ ಎತ್ತುತ್ತೇವೆ, ಬಿಡಿಎಸ್ ಎನ್ನುವಾಗ ತಗ್ಗಿಸುತ್ತೇವೆ, ಹಲ್ಲಿನ ಡಾಕ್ಟರ್ ಅಷ್ಟೇ ಎಂದು. ನಾನೂ ಹಾಗೆಯೇ ಅಂದಿದ್ದೇನೆ. ದೇಹವನ್ನೆಲ್ಲ ಬಲ್ಲ ಆ ದೊಡ್ಡ ವೈದ್ಯರು ಒಂದು ಹಲ್ಲನ್ನು ಉಳಿಸಲು ಚಿನ್ನದ ತಂತಿ ಹೆಣೆಯುತ್ತ ಕುಳಿತದ್ದನ್ನು ಓದಿದ ಮೇಲೆ ಹಾಗೆ ಅನ್ನಲು ನನಗೆ ನಾಚಿಕೆಯಾಗುತ್ತದೆ. ನೀಟ್ ಬರೆದ ಮೇಲೆ ನನಗೆ ಯಾವ ಸೀಟು ಸಿಗುವುದೋ ಗೊತ್ತಿಲ್ಲ. ಬಿಡಿಎಸ್ ಸಿಕ್ಕರೆ ಅದನ್ನು ಸೋಲೆಂದು ಅಳುವುದಿಲ್ಲ.

ಇದನ್ನೆಲ್ಲ ನಾನಿಗೂ ಓದಿ ಹೇಳಿದೆ. ತಪ್ಪು ನಿಮ್ಮದಲ್ಲ, ನೋಡದೆ ಕಿತ್ತವನದು ಎಂದು ಅಷ್ಟು ದೊಡ್ಡ ಹಕೀಮರೇ ಬರೆದಿದ್ದಾರೆ ಎಂದೆ. ನಾನಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ಉಳಿದಿರುವ ಹಲ್ಲುಗಳನ್ನು ಆ ನಿನ್ನ ಡಾಕ್ಟರಿಗೆ ಒಮ್ಮೆ ತೋರಿಸೋಣ ಎಂದರು. ಮುಂದಿನ ಭಾನುವಾರ ಹೋಗುತ್ತಿದ್ದೇವೆ.