ಏಳು ತಂತಿಯ ಪಿಟೀಲು ಚೌಡಯ್ಯನವರು

ಗೆಳೆಯರೇ, ಮಹನೀಯರ ಪರಿಚಯ ಬರೆಯುವ ಸರದಿ ಈ ಸಲ ನನ್ನದು. ನಾನು ಆರಿಸಿಕೊಂಡಿರೋದು ಪಿಟೀಲು ಚೌಡಯ್ಯನವರನ್ನು. ಅವರು ನಮ್ಮ ಹಾಗೆ ಹಳ್ಳಿಯಲ್ಲಿ ಹುಟ್ಟಿದವರು. ಅದಕ್ಕೇ ಅವರೆಂದರೆ ನನಗೆ ಅಭಿಮಾನ.

ಚೌಡಯ್ಯನವರು 1895ರಲ್ಲಿ ಮೈಸೂರು ಜಿಲ್ಲೆಯ ತಿರುಮಕೂಡಲು ಎಂಬ ಊರಿನಲ್ಲಿ ಜನಿಸಿದರು. ಕಾವೇರಿ ಮತ್ತು ಕಪಿಲಾ ನದಿಗಳು ಕೂಡುವ ಪುಣ್ಯಸ್ಥಳ ಅದು. ಅವರ ಹೆಸರಿನ ಮುಂದಿರುವ ‘ಟಿ’ ಅಂದರೆ ಈ ತಿರುಮಕೂಡಲೇ.

1910ರಲ್ಲಿ ಅವರು ಮೈಸೂರಿನ ಹೆಸರಾಂತ ಗಾಯಕರಾದ ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದರು. ಆಗ ಅವರಿಗೆ ಹದಿನೈದು ವರ್ಷ. 1918ರವರೆಗೂ, ಎಂದರೆ ಎಂಟು ವರ್ಷ, ಗುರುಗಳ ಹತ್ತಿರವೇ ಕಲಿತರು. ನಾವು ಒಂದನೇ ಕ್ಲಾಸಿನಿಂದ ಎಂಟನೇ ಕ್ಲಾಸಿಗೆ ಬರುವಷ್ಟು ಕಾಲ ಒಂದೇ ವಿದ್ಯೆ! ಯೋಚನೆ ಮಾಡಿ.

ಪಿಟೀಲು ಹೊರದೇಶದಿಂದ ಬಂದ ವಾದ್ಯ. ಅಲ್ಲಿಯವರು ನಿಂತು, ಗದ್ದಕ್ಕೆ ಒತ್ತಿಕೊಂಡು ನುಡಿಸುತ್ತಾರೆ. ನಮ್ಮವರು ಚಕ್ಕಳಮಕ್ಕಳ ಹಾಕಿ ಕೂತು, ಅದರ ತುದಿಯನ್ನು ಪಾದದ ಮೇಲೆ ಇಟ್ಟುಕೊಳ್ಳುತ್ತಾರೆ. ಕಛೇರಿಯಲ್ಲಿ ಅದು ಹೆಚ್ಚಾಗಿ ಪಕ್ಕವಾದ್ಯ. ಹಾಡುವವರು ಹೋದ ಕಡೆಗೆಲ್ಲ ಪಿಟೀಲಿನವರು ನೆರಳಿನಂತೆ ಹೋಗಬೇಕು.

ಆಗಿನ ಕಾಲದಲ್ಲಿ ಕಛೇರಿಗಳಿಗೆ ಮೈಕು ಇನ್ನೂ ರೂಢಿಯಾಗಿರಲಿಲ್ಲ. ಪಿಟೀಲಿನ ದನಿ ಸಣ್ಣದು. ಜನ ಜಾಸ್ತಿ ಸೇರಿದರೆ ಮುಂದೆ ಕೂತವರಿಗೆ ಮಾತ್ರ ಕೇಳೋದು, ಹಿಂದಿನವರಿಗೆ ಬರೀ ಕೈ ಆಡೋದು ಕಾಣೋದು. ನಾನೂ ಹಿಂದಿನ ಬೆಂಚಿನವನೇ, ಆದ್ದರಿಂದ ಅವರ ಕಷ್ಟ ನನಗೆ ಚೆನ್ನಾಗಿ ಅರ್ಥವಾಗುತ್ತೆ.

ಚೌಡಯ್ಯನವರು ಇದಕ್ಕೆ ಸುಮ್ಮನೆ ಕೂರಲಿಲ್ಲ. 1927ರ ಸುಮಾರಿಗೆ ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ತಂತಿ ಸೇರಿಸಿ ಏಳು ಮಾಡಿದರು. ತಂತಿಗಳು ಜೊತೆಜೊತೆಯಾಗಿ ಮಿಡಿದು ನಾದ ದಪ್ಪವಾಯಿತು, ದೂರಕ್ಕೂ ಮುಟ್ಟಿತು. ಆದರೆ ಇದು ಸುಲಭವಲ್ಲ. ಏಳು ತಂತಿಗೂ ಶ್ರುತಿ ಕೂಡಿಸಬೇಕು. ಒಂದು ಬೆರಳಿನಲ್ಲಿ ಎರಡು ತಂತಿ ಒತ್ತಬೇಕು. ಸ್ವಲ್ಪ ಜಾರಿದರೂ ಅಪಸ್ವರ! ಪದ್ಧತಿ ಮುರಿಯಬಾರದು ಅಂತ ಆಕ್ಷೇಪಣೆ ಮಾಡಿದವರೂ ಇದ್ದರು. ಚೌಡಯ್ಯನವರು ಜಗಳಕ್ಕೆ ಹೋಗದೆ ಬಾರಿಸಿಯೇ ಉತ್ತರ ಕೊಟ್ಟರು ಅಂತ ನನಗನ್ನಿಸುತ್ತೆ.

ಚೆಂಬೈ ವೈದ್ಯನಾಥ ಭಾಗವತರು, ಅರಿಯಾಕುಡಿ ರಾಮಾನುಜ ಅಯ್ಯಂಗಾರರಂಥ ಘಟಾನುಘಟಿಗಳಿಗೆ ಅವರು ಪಕ್ಕವಾದ್ಯ ನುಡಿಸಿದರು. ಚೆಂಬೈ ಅವರ ಹಾಡು, ಇವರ ಪಿಟೀಲು, ಪಾಲ್ಘಾಟ್ ಮಣಿ ಅಯ್ಯರ್ ಅವರ ಮೃದಂಗ ಎಂದರೆ ಜನ ಮುಗಿಬೀಳುತ್ತಿದ್ದರು. ಮೈಸೂರು ಅರಮನೆಯ ಆಸ್ಥಾನ ವಿದ್ವಾಂಸರೂ ಆದರು. 1957ರಲ್ಲಿ ಮದ್ರಾಸಿನ ಮ್ಯೂಸಿಕ್ ಅಕಾಡೆಮಿ ಅವರಿಗೆ ಸಂಗೀತ ಕಲಾನಿಧಿ ಬಿರುದು ಕೊಟ್ಟಿತು.

ಅವರು ಬೇರೆಯವರ ಕೃತಿ ನುಡಿಸಿದ್ದಷ್ಟೇ ಅಲ್ಲ, ತಾವೇ ಹೊಸ ಕೃತಿಗಳನ್ನೂ ರಚಿಸಿದರು. ಅವುಗಳ ಅಂಕಿತ ‘ತ್ರಿಮಕುಟ’. ಅದು ಅವರ ಊರಿನ ಹೆಸರಿನಿಂದಲೇ ಬಂದದ್ದು. ಎಷ್ಟು ಎತ್ತರಕ್ಕೆ ಹೋದರೂ ಊರು ಮರೆಯಲಿಲ್ಲ ನೋಡಿ! 1943ರಲ್ಲಿ ‘ವಾಣಿ’ ಎಂಬ ಕನ್ನಡ ಸಿನಿಮಾವನ್ನೂ ತೆಗೆದರು.

1967ರ ಜನವರಿ 19ರಂದು ಚೌಡಯ್ಯನವರು ಕಾಲವಾದರು. ಬೆಂಗಳೂರಿನ ಮಲ್ಲೇಶ್ವರದ ಹತ್ತಿರ ಅವರ ಹೆಸರಿನಲ್ಲಿ ಒಂದು ಸಭಾಂಗಣ ಇದೆ. 1980ರಲ್ಲಿ ಆರಂಭವಾದ ಆ ಕಟ್ಟಡದ ಆಕಾರವೇ ಏಳು ತಂತಿಯ ಪಿಟೀಲು.

ಈಗ ಎಲ್ಲಾ ಕಡೆ ಮೈಕು ಬಂದಿದೆ. ಏಳು ತಂತಿ ನುಡಿಸುವವರು ತೀರಾ ಕಡಿಮೆ. ಹಾಗಾದರೆ ಅವರ ಶ್ರಮ ವ್ಯರ್ಥವಾಯಿತೇ? ಇಲ್ಲ ಅಂತ ನನ್ನ ಅಭಿಪ್ರಾಯ. ಮೈಕು ಬರಲಿ ಅಂತ ಅವರು ಕಾಯ್ದಿದ್ದರೆ, ಅಷ್ಟು ವರ್ಷ ಹಿಂದೆ ಕೂತ ಜನಕ್ಕೆ ಏನೂ ಕೇಳಿಸುತ್ತಿರಲಿಲ್ಲ. ಅವರು ಬಾರಿಸಿದ ರೆಕಾರ್ಡುಗಳು ಈಗಲೂ ಸಿಗುತ್ತವೆ. ಒಂದು ಶನಿವಾರ ನಮಗೆಲ್ಲಾ ಕೇಳಿಸಬೇಕೆಂದು ಮೇಷ್ಟ್ರಲ್ಲಿ ವಿನಂತಿ. ಹಿಂದಿನ ಬೆಂಚಿನವರಿಗೂ ಕೇಳುವಂತೆ ಇಡಬೇಕು.

— 9ನೇ ತರಗತಿ ವಿದ್ಯಾರ್ಥಿ