ಉಪಕರಣಶಿಲ್ಪಿ ಆಚಾರ್ಯ ಜಗದೀಶಚಂದ್ರ ಬೋಸ್

ಆಚಾರ್ಯ ಜಗದೀಶಚಂದ್ರ ಬೋಸರ ಹೆಸರನ್ನು ಕೇಳಿದೊಡನೆ ನಮ್ಮ ವಿದ್ಯಾರ್ಥಿಗಳ ನೆನಪಿಗೆ ಬರುವುದು ಮುಟ್ಟಿದರೆ ಮುನಿ ಗಿಡ. ಸಸ್ಯಗಳೂ ನೋವಿಗೆ ಸ್ಪಂದಿಸುವುವೆಂದು ಸಾರಿದ ವಿಜ್ಞಾನಿ ಎಂಬಷ್ಟಕ್ಕೆ ಅವರ ಪರಿಚಯವು ಸಾಮಾನ್ಯವಾಗಿ ಮುಗಿದುಹೋಗುತ್ತದೆ. ಗಿಡಗಳ ಕಡೆಗೆ ತಿರುಗುವುದಕ್ಕೆ ಮೊದಲೇ ಅವರು ತಗಡು, ತಂತಿ, ಗಂಧಕ, ಸೆಣಬುಗಳಿಂದ ರಚಿಸಿದ ವಿದ್ಯುದುಪಕರಣಗಳು ಯೂರೋಪಿನ ಪಂಡಿತರನ್ನು ಬೆರಗುಗೊಳಿಸಿದ್ದವೆಂಬುದು ಅಷ್ಟಾಗಿ ತಿಳಿದಿಲ್ಲ.

ಬೋಸರು 1858ನೆಯ ಇಸವಿ ನವೆಂಬರ್ 30ರಂದು ಪೂರ್ವ ಬಂಗಾಳದಲ್ಲಿ, ಎಂದರೆ ಇಂದಿನ ಬಾಂಗ್ಲಾದೇಶದಲ್ಲಿ, ಜನಿಸಿದರು. ತಂದೆ ಭಗವಾನ್‌ಚಂದ್ರರು ಸರಕಾರದ ಡೆಪ್ಯೂಟಿ ಮ್ಯಾಜಿಸ್ಟ್ರೇಟರು, ಬ್ರಹ್ಮಸಮಾಜದ ಅನುಯಾಯಿಗಳು. ಅಂಥ ಅಧಿಕಾರಿಗಳ ಮಕ್ಕಳು ಇಂಗ್ಲಿಷ್ ಶಾಲೆಗೆ ಹೋಗುವುದೇ ವಾಡಿಕೆಯಾಗಿದ್ದ ಕಾಲದಲ್ಲಿ ಆ ತಂದೆ ಮಗನನ್ನು ಬಂಗಾಳಿ ಪಾಠಶಾಲೆಗೆ ಸೇರಿಸಿದರು. ಅಲ್ಲಿ ಬಾಲಕನ ಒಂದು ಪಕ್ಕದಲ್ಲಿ ತಂದೆಯ ಮುಸಲ್ಮಾನ ಚಪರಾಸಿಯ ಮಗನೂ, ಇನ್ನೊಂದು ಪಕ್ಕದಲ್ಲಿ ಬೆಸ್ತರ ಹುಡುಗನೂ ಕುಳಿತುಕೊಳ್ಳುತ್ತಿದ್ದರು. ತಂದೆಯವರು ಬರ್ದ್ವಾನಿನಲ್ಲಿದ್ದಾಗ ಜ್ವರದ ಪಿಡುಗಿನಿಂದ ಅನಾಥರಾದ ಬಾಲಕರಿಗೆ ಕಸುಬು ಕಲಿಸಲೆಂದು ಕಾರ್ಖಾನೆಯೊಂದನ್ನು ತೆರೆದರು. ಬಡಗಿ ಕೆಲಸ, ಲೋಹದ ಕೆಲಸ, ಎರಕದ ಕೆಲಸ ಎಲ್ಲವೂ ಅಲ್ಲಿ ನಡೆಯುತ್ತಿದ್ದವು. ರಜೆಯಲ್ಲಿ ಮನೆಗೆ ಬಂದ ಜಗದೀಶನು ಅದನ್ನು ಬಿಟ್ಟು ಕದಲುತ್ತಿರಲಿಲ್ಲ. ಅಲ್ಲಿ ಅವನು ಹಿತ್ತಾಳೆಯಲ್ಲಿ ಎರಕ ಹೊಯ್ಯಿಸಿದ ಪುಟ್ಟ ಫಿರಂಗಿಯ ವಿಷಯವನ್ನು ಅವರ ಚರಿತ್ರಕಾರರು ಮರೆಯದೆ ಹೇಳಿದ್ದಾರೆ. ಮುಂದೆ ಕಲ್ಕತ್ತೆಯ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಫಾದರ್ ಲಾಫೋನ್‌ರ ಪ್ರಯೋಗಸಹಿತವಾದ ಬೋಧನೆ ಈ ಕೈಗೆ ಕಣ್ಣನ್ನು ಕೊಟ್ಟಿತು.

1880ರಲ್ಲಿ ವೈದ್ಯ ವಿದ್ಯೆಗೆಂದು ಲಂಡನ್ನಿಗೆ ತೆರಳಿದವರು ಮರಳಿ ಮರಳಿ ಬರುತ್ತಿದ್ದ ಜ್ವರದಿಂದ ಅದನ್ನು ತೊರೆಯಬೇಕಾಯಿತು. ಕೇಂಬ್ರಿಜ್‌ನಲ್ಲಿ ಲಾರ್ಡ್ ರ‍್ಯಾಲೆಯವರಂಥ ಗುರುಗಳ ಬಳಿ ವಿಜ್ಞಾನವನ್ನು ಓದಿ, ಪದವಿ ಪಡೆದು, 1885ರಲ್ಲಿ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನ ಭೌತವಿಜ್ಞಾನದ ಪ್ರಾಧ್ಯಾಪಕರಾದರು. ಆಗಿನ ಪದ್ಧತಿಯಂತೆ ಯೂರೋಪಿಯನ್ನರ ಸಂಬಳದ ಮೂರರಲ್ಲಿ ಎರಡು ಪಾಲು ಮಾತ್ರ ಭಾರತೀಯರಿಗೆ. ಹಂಗಾಮಿ ನೇಮಕವೆಂಬ ಕಾರಣಕ್ಕೆ ಬೋಸರಿಗೆ ಅದರಲ್ಲಿಯೂ ಅರ್ಧ. ಬೋಸರು ಜಗಳವಾಡಲಿಲ್ಲ, ಕೆಲಸವನ್ನೂ ಬಿಡಲಿಲ್ಲ. ಸಂಬಳವನ್ನು ಮುಟ್ಟದೆ ಮೂರು ವರ್ಷ ಪಾಠ ಹೇಳಿದರು. ಜನೋಪಯೋಗಿ ಉದ್ಯಮಗಳಲ್ಲಿ ಹಣ ಕಳೆದುಕೊಂಡ ತಂದೆಯ ಸಾಲ ತಲೆಯ ಮೇಲಿದ್ದಿತು. 1887ರಲ್ಲಿ ಅಬಲಾದೇವಿಯವರೊಡನೆ ವಿವಾಹವೂ ಆಗಿದ್ದಿತು. ಅಂಥ ಸ್ಥಿತಿಯಲ್ಲಿ ಕೈಗೆ ಬಂದ ಹಣವನ್ನು ಹಿಂದಿರುಗಿಸುವುದು ಎಷ್ಟು ಕಠಿನವೆಂಬುದನ್ನು ಸಂಸಾರಿಗಳೇ ಬಲ್ಲರು. ಕೊನೆಗೆ ಸರಕಾರವೇ ಮಣಿದು ಮೊದಲ ದಿನದಿಂದ ಲೆಕ್ಕ ಹಾಕಿ ಪೂರ್ಣ ವೇತನವನ್ನು ಕೊಟ್ಟಿತು. ಆ ಹಣವು ತಂದೆಯ ಸಾಲಕ್ಕೆ ಸಂದಾಯವಾಯಿತು.

1894ರ ನವೆಂಬರ್ 30, ತಮ್ಮ ಹುಟ್ಟುಹಬ್ಬದಂದು, ಇನ್ನು ಮುಂದೆ ಸಂಶೋಧನೆಯೇ ತಮ್ಮ ಬಾಳೆಂದು ಬೋಸರು ನಿಶ್ಚಯಿಸಿಕೊಂಡರು. ಕಾಲೇಜಿನಲ್ಲಿ ಅದಕ್ಕೆ ತಕ್ಕ ಪ್ರಯೋಗಶಾಲೆಯೇ ಇರಲಿಲ್ಲ. ಸ್ನಾನದ ಕೋಣೆಗೆ ಹೊಂದಿಕೊಂಡ 24 ಚದರ ಅಡಿಯ ಗೂಡೊಂದು ಅವರ ಪ್ರಯೋಗಶಾಲೆಯಾಯಿತು. ಅಕ್ಷರ ಬಾರದ ಒಬ್ಬ ತಗಡಿನ ಕೆಲಸಗಾರನು ಅವರ ಸಹಾಯಕನಾದನು. ವೆಚ್ಚವೆಲ್ಲ ಸ್ವಂತದ್ದು. ಪಾಠದ ಹೊರೆ ಮುಗಿದ ಮೇಲೆ ಉಳಿದ ಹೊತ್ತಿನಲ್ಲಿ ಈ ಇಬ್ಬರೂ ಕತ್ತರಿಸಿ, ಬಗ್ಗಿಸಿ, ಬೆಸುಗೆ ಹಾಕಿ ಉಪಕರಣಗಳನ್ನು ಕಟ್ಟತೊಡಗಿದರು.

ಜರ್ಮನಿಯ ಹರ್ಟ್ಸ್ ವಿದ್ಯುತ್ಕಾಂತ ತರಂಗಗಳನ್ನು ಕೆಲವೇ ವರ್ಷಗಳ ಹಿಂದೆ ಸಾಧಿಸಿ ತೋರಿಸಿದ್ದರು. ಆ ಅಲೆಗಳು ತೀರ ಉದ್ದವಾದುದರಿಂದ ಅವುಗಳ ಗುಣವನ್ನು ಪರೀಕ್ಷಿಸಲು ಕೋಣೆಯನ್ನು ತುಂಬುವಂಥ ದೊಡ್ಡ ದರ್ಪಣಗಳೂ ಪಟ್ಟಕಗಳೂ ಬೇಕಾಗುತ್ತಿದ್ದವು. ಅಷ್ಟು ಸ್ಥಳ ಬೋಸರಿಗೆಲ್ಲಿ? ಅಲೆಯನ್ನೇ ಕಿರಿದು ಮಾಡಿದರೆ ಎಲ್ಲವೂ ಮೇಜಿನ ಮೇಲೆ ಹಿಡಿಯುವುದು. ಪುಟ್ಟ ಪ್ಲಾಟಿನಮ್ ಗೋಲಿಗಳ ನಡುವೆ ಕಿಡಿ ಹಾರಿಸಿ ಅವರು ಕೇವಲ 5 ಮಿಲಿಮೀಟರ್ ಉದ್ದದ ಅಲೆಗಳನ್ನು ಪಡೆದರು. ಬೆಲೆಬಾಳುವ ಗಾಜಿಗೆ ಬದಲಾಗಿ ಗಂಧಕದ ಪಟ್ಟಕ. ಅಲೆಗಳನ್ನು ಹಿಡಿಯಲು ಲೋಹದ ಆಲಿಕೆ. ಇಂದು ಮೈಕ್ರೋವೇವ್ ಯಂತ್ರಗಳಲ್ಲಿ ಕಾಣುವ ಕೊಂಬಿನಾಕಾರದ ಆಂಟೆನಾಗಳಿಗೆ ಆ ಆಲಿಕೆಯೇ ಪೂರ್ವಜ. ಬೆಳಕಿನಂತೆ ಈ ಅಲೆಗಳೂ ಧ್ರುವೀಕರಣ ಹೊಂದುವುವೇ ಎಂದು ತಿಳಿಯಲು ರೈಲ್ವೆ ವೇಳಾಪಟ್ಟಿಯ ದಪ್ಪ ಪುಸ್ತಕವೊಂದರ ಹಾಳೆಗಳ ನಡುವೆ ತವರದ ತೆಳುರೇಕನ್ನು ಸೇರಿಸಿ ಅಲೆಗಳ ಹಾದಿಯಲ್ಲಿಟ್ಟರು. ಸಕ್ಕರೆಯ ದ್ರಾವಣವು ಬೆಳಕಿನ ಕಂಪನದಿಕ್ಕನ್ನು ಹೊರಳಿಸುವುದಷ್ಟೆ. ಅದರ ಅನುಕರಣವಾಗಿ ಬಂಗಾಳದ ಸೆಣಬಿನ ಎಳೆಗಳನ್ನೇ ಹುರಿಮಾಡಿ ಇಟ್ಟರು. ಬಲಕ್ಕೆ ಹೊಸೆದ ಕಟ್ಟು ಒಂದು ಕಡೆಗೂ, ಎಡಕ್ಕೆ ಹೊಸೆದ ಕಟ್ಟು ಇನ್ನೊಂದು ಕಡೆಗೂ ಅಲೆಯ ದಿಕ್ಕನ್ನು ಹೊರಳಿಸಿದವು. ಈ ಪ್ರಯೋಗವು 1898ರಲ್ಲಿ ಪ್ರಕಟವಾಯಿತು. ಸೆಣಬು ಬೆಳೆಯುವ ನಾಡಿನವನಿಗಲ್ಲದೆ ಇದು ಯಾರಿಗೆ ಹೊಳೆದೀತು!

ಅತ್ಯಂತ ತೊಡಕಿನ ಭಾಗವೆಂದರೆ ಅಲೆಯನ್ನು ಗುರುತಿಸುವ ಗ್ರಾಹಕ. ಆಗ ಬಳಕೆಯಲ್ಲಿದ್ದುದು ಗಾಜಿನ ಕೊಳವೆಯಲ್ಲಿ ತುಂಬಿದ ಲೋಹದ ಅರದ ಪುಡಿ. ಅಲೆ ತಾಗಿದೊಡನೆ ಪುಡಿಯ ಕಣಗಳು ಒಂದಕ್ಕೊಂದು ಅಂಟಿ ವಿದ್ಯುತ್ತನ್ನು ಹರಿಯಬಿಡುವುವು. ಮತ್ತೊಂದು ಅಲೆಗೆ ಸಿದ್ಧವಾಗಬೇಕಾದರೆ ಕೊಳವೆಯನ್ನು ತಟ್ಟಬೇಕು. ಈ ಪುಡಿಯ ವರ್ತನೆ ಒಂದೊಂದು ಸಲ ಒಂದೊಂದು ತೆರ. ಬೋಸರು ಪುಡಿಯನ್ನು ತೊರೆದು ಸಣ್ಣ ಉಕ್ಕಿನ ಸುರುಳಿಗಳನ್ನು ಸಾಲಾಗಿ ಜೋಡಿಸಿ, ತಿರುಪಿನಿಂದ ಒತ್ತಡವನ್ನು ಹೆಚ್ಚುಕಡಿಮೆ ಮಾಡುವ ಏರ್ಪಾಟು ಮಾಡಿದರು. ಬಂಗಾಳದ ತೇವದ ಹವೆಯಲ್ಲಿ ತುಕ್ಕಿನ ಕಾಟವೂ ಇದ್ದಿತು. ಅದಕ್ಕೆ ಸುರುಳಿಗಳಿಗೆ ಬೇರೆ ಲೋಹದ ಲೇಪ ಕೊಡಬೇಕಾಯಿತು. 1899ರಲ್ಲಿ ಪಾದರಸವನ್ನು ಬಳಸಿ, ತಟ್ಟದೆಯೇ ತಾನಾಗಿ ಚೇತರಿಸಿಕೊಳ್ಳುವ ಗ್ರಾಹಕವನ್ನು ರಾಯಲ್ ಸೊಸೈಟಿಯ ಮುಂದಿಟ್ಟರು. 1901ರ ಡಿಸೆಂಬರಿನಲ್ಲಿ ಅಟ್ಲಾಂಟಿಕ್ ಸಾಗರದಾಚೆಗೆ ಸಂಕೇತ ಕಳುಹಿಸಿದಾಗ ಮಾರ್ಕೋನಿಯವರು ಬಳಸಿದ ಪಾದರಸದ ಗ್ರಾಹಕಕ್ಕೂ ಇದಕ್ಕೂ ಇರುವ ನಂಟನ್ನು 1998ರಲ್ಲಿ ಸಂಶೋಧಕರು ವಿವರವಾಗಿ ತೋರಿಸಿದ್ದಾರೆ.

1895ರಲ್ಲಿ ಕಲ್ಕತ್ತೆಯ ಟೌನ್ ಹಾಲಿನ ಪ್ರದರ್ಶನದಲ್ಲಿ ಕಣ್ಣಿಗೆ ಕಾಣದ ಅಲೆಯು ಗೋಡೆಗಳನ್ನೂ ಎದುರಿಗಿದ್ದ ಲೆಫ್ಟಿನೆಂಟ್ ಗವರ್ನರರ ದೇಹವನ್ನೂ ಹಾಯ್ದು, 75 ಅಡಿ ದೂರದಲ್ಲಿ ಗಂಟೆ ಬಾರಿಸಿ ಮದ್ದನ್ನು ಸಿಡಿಸಿತು. 1897ರ ಜನವರಿ 29ರಂದು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಅವೇ ಉಪಕರಣಗಳನ್ನಿಟ್ಟು ಉಪನ್ಯಾಸ ಮಾಡಿದರು. ಕಲ್ಕತ್ತೆಯ ತಗಡಿನ ಕೆಲಸಗಾರನ ಕೈಯಿಂದ ಹೊರಟ ವಸ್ತುಗಳು ಫ್ಯಾರಡೆ ನಿಂತ ವೇದಿಕೆಯ ಮೇಲೆ ನಿಂತವು.

ಹಣವು ಅವರ ಬಾಗಿಲಿಗೇ ಬಂದಿದ್ದಿತು. 1901ರಲ್ಲಿ ಲಂಡನ್ನಿನಲ್ಲಿ ಉಪನ್ಯಾಸಕ್ಕೆ ಸ್ವಲ್ಪ ಮುಂಚೆ ತಂತಿ ಸಂಸ್ಥೆಯೊಂದರ ಕೋಟ್ಯಧೀಶ ಮಾಲೀಕನು ಬಂದು, ಗುಟ್ಟನ್ನು ಹೊರಗೆಡಹದೆ ಹಕ್ಕುಪತ್ರ ಪಡೆಯಬೇಕೆಂದೂ ಲಾಭದಲ್ಲಿ ಪಾಲು ಕೊಡುವೆನೆಂದೂ ಬೇಡಿಕೊಂಡನು. ಬೋಸರು ಒಪ್ಪಲಿಲ್ಲ, ಈ ಪ್ರಸಂಗವನ್ನು ಮಿತ್ರ ರವೀಂದ್ರನಾಥ ಠಾಕೂರರಿಗೆ ಬರೆದು ತಿಳಿಸಿದರು. ಸ್ನೇಹಿತೆ ಸಾರಾ ಬುಲ್ ಅವರ ಒತ್ತಾಯದಿಂದ ಸೀಸದ ಅದಿರಾದ ಗೆಲೀನಾ ಹರಳಿನ ಗ್ರಾಹಕಕ್ಕೆ ಅಮೆರಿಕದಲ್ಲಿ ಅರ್ಜಿ ಹೋಯಿತು. 1904ರಲ್ಲಿ ಪೇಟೆಂಟ್ ದೊರೆಯಿತು. ಅದರಿಂದ ಬೋಸರು ಕಾಸನ್ನೂ ಗಳಿಸಲಿಲ್ಲ. 1920ರ ದಶಕದಲ್ಲಿ ದೇಶದೇಶದ ಹುಡುಗರು ಗೆಲೀನಾ ತುಣುಕಿನ ಮೇಲೆ ಸಣ್ಣ ತಂತಿಯ ಮೊನೆಯನ್ನು ತಾಗಿಸಿ, ಬ್ಯಾಟರಿಯಿಲ್ಲದೆಯೇ ರೇಡಿಯೋ ಕೇಳುವ ಪೆಟ್ಟಿಗೆಗಳನ್ನು ಮನೆಯಲ್ಲಿ ಮಾಡಿಕೊಂಡರಲ್ಲವೆ? ಆ ಹರಳಿನ ಗುಣವೇ ಬೋಸರ ಪೇಟೆಂಟಿನ ವಸ್ತು. ಅರೆವಾಹಕ ಹರಳನ್ನು ಹೀಗೆ ಬಳಸಿದವರಲ್ಲಿ ಬೋಸರೇ ಮೊದಲಿಗರೆಂದು, ಟ್ರಾನ್ಸಿಸ್ಟರಿನ ಜನಕರಲ್ಲೊಬ್ಬರಾದ ಬ್ರ್ಯಾಟೈನ್ ಸಹೋದ್ಯೋಗಿಯೊಡನೆ 1955ರಲ್ಲಿ ಬರೆದರು.

ಗ್ರಾಹಕಗಳು ಬಹಳ ಹೊತ್ತು ದುಡಿದರೆ ಮಂದವಾಗಿ, ವಿಶ್ರಾಂತಿ ಕೊಟ್ಟರೆ ಚೇತರಿಸಿಕೊಳ್ಳುವುದನ್ನು ಕಂಡ ಬೋಸರ ಮನಸ್ಸು ಜೀವಿಗಳ ದಣಿವಿನತ್ತ, ಅಲ್ಲಿಂದ ಸಸ್ಯಗಳತ್ತ ಹರಿಯಿತು. ಶರೀರಶಾಸ್ತ್ರಜ್ಞರು ತೀವ್ರವಾಗಿ ವಿರೋಧಿಸಿದರು. ಸಸ್ಯಗಳ ಬಗ್ಗೆ ಅವರು ಹೇಳಿದುದೆಲ್ಲವೂ ನಿಂತಿಲ್ಲವೆಂಬುದನ್ನು ಇಲ್ಲಿ ಮರೆಮಾಚಬೇಕಾಗಿಲ್ಲ. ರಸವು ಮೇಲೇರುವ ಬಗೆಗೆ ಅವರು ಕೊಟ್ಟ ವಿವರಣೆಯನ್ನು ವಿಜ್ಞಾನ ಒಪ್ಪಿಕೊಳ್ಳಲಿಲ್ಲ. ಆದರೆ ಉಪಕರಣಗಳ ವಿಷಯದಲ್ಲಿ ಎದುರಾಳಿಗಳೂ ತಲೆದೂಗಬೇಕಾಯಿತು. ಮಸಿ ಹಿಡಿಸಿದ ಗಾಜಿನ ಮೇಲೆ ಗಿಡವೇ ತನ್ನ ಗೆರೆಯನ್ನು ಬರೆಯಬೇಕು. ಆದರೆ ಲೇಖನಿಯ ಉಜ್ಜುವಿಕೆಯೇ ಅಷ್ಟು ಕ್ಷೀಣವಾದ ಚಲನೆಯನ್ನು ತಡೆಯುವುದು. ಗಾಜು ಹಿಂದಕ್ಕೂ ಮುಂದಕ್ಕೂ ಓಲಾಡುತ್ತ ಲೇಖನಿಯನ್ನು ಆಗಾಗ ಮಾತ್ರ ಮುಟ್ಟಿ ಚುಕ್ಕಿಯಿಡುವಂತೆ ಮಾಡಿ ಬೋಸರು ಆ ತೊಡಕನ್ನು ಬಿಡಿಸಿದರು. ಸನ್ನೆಗಳಿಂದ ಬೆಳವಣಿಗೆಯನ್ನು 10,000 ಪಟ್ಟು ಹಿಗ್ಗಿಸುವ ಕ್ರೆಸ್ಕೋಗ್ರಾಫ್ ಕಲ್ಕತ್ತೆಯಲ್ಲಿಯೇ, ನಮ್ಮ ಕುಶಲಕರ್ಮಿಗಳ ಕೈಯಲ್ಲಿ, ಸಿದ್ಧವಾಯಿತು. 1920ರಲ್ಲಿ ಲಂಡನ್ನಿನಲ್ಲಿ ಸಂದೇಹ ಎದ್ದಾಗ ವಿಲಿಯಂ ಬ್ರ್ಯಾಗ್ ಮೊದಲಾದ ವಿಜ್ಞಾನಿಗಳು ಯಂತ್ರವನ್ನು ಸ್ವತಃ ಪರೀಕ್ಷಿಸಿ ಅದು ಸರಿಯೆಂದು ಪತ್ರಿಕೆಯಲ್ಲಿ ಪ್ರಕಟಿಸಿದರು. ಅದೇ ವರ್ಷ ರಾಯಲ್ ಸೊಸೈಟಿ ಅವರನ್ನು ಫೆಲೋ ಆಗಿ ಆರಿಸಿತು.

1915ರಲ್ಲಿ ನಿವೃತ್ತರಾದ ಬೋಸರು 1917ರ ನವೆಂಬರ್ 30ರಂದು ಕಲ್ಕತ್ತೆಯಲ್ಲಿ ತಮ್ಮ ಹೆಸರಿನ ವಿಜ್ಞಾನಮಂದಿರವನ್ನು ಸ್ಥಾಪಿಸಿದರು. ಅಲ್ಲಿ ಕಂಡುಹಿಡಿದುದೆಲ್ಲವೂ ಲೋಕದ ಸೊತ್ತು, ಯಾವುದಕ್ಕೂ ಪೇಟೆಂಟ್ ಪಡೆಯಕೂಡದೆಂದು ಉದ್ಘಾಟನೆಯ ದಿನವೇ ಸಾರಿದರು. 1937ರ ನವೆಂಬರ್ 23ರಂದು, 79ನೆಯ ಹುಟ್ಟುಹಬ್ಬಕ್ಕೆ ಒಂದು ವಾರವಿರುವಾಗ, ಗಿರಿಡಿಹ್‌ನಲ್ಲಿ ಅವರು ದೇಹವಿಟ್ಟರು. 2012ರಲ್ಲಿ ವಿದ್ಯುತ್ ಮತ್ತು ಎಲೆಕ್ಟ್ರಾನಿಕ್ಸ್ ಎಂಜಿನಿಯರುಗಳ ಅಂತರರಾಷ್ಟ್ರೀಯ ಸಂಸ್ಥೆಯಾದ ಐಇಇಇ, ಕಿರಿದಲೆಗಳ ಮೇಲಣ ಅವರ ಪ್ರಯೋಗಗಳನ್ನು ತನ್ನ ಮೈಲಿಗಲ್ಲುಗಳ ಸಾಲಿಗೆ ಸೇರಿಸಿತು. ಅವರು ಕಟ್ಟಿದ ಉಪಕರಣಗಳನ್ನು ಆ ವಿಜ್ಞಾನಮಂದಿರದ ಸಂಗ್ರಹಾಲಯದಲ್ಲಿ ಕಾಪಾಡಿಡಲಾಗಿದೆ.