ನಗೆಯ ಹಿಂದಿನ ಒಡತಿ: ಎಮ್ಮಿ ವೇದಿಕೆಯ ಲೂಸಿಲ್ ಬಾಲ್

ಚಲನಚಿತ್ರ ರಂಗಕ್ಕೆ ಆಸ್ಕರ್ ಹೇಗೋ ಅಮೆರಿಕದ ಕಿರುತೆರೆಗೆ ಎಮ್ಮಿ ಹಾಗೆ. 1949ರ ಜನವರಿ 25ರಂದು ಹಾಲಿವುಡ್ ಅಥ್ಲೆಟಿಕ್ ಕ್ಲಬ್‌ನಲ್ಲಿ ಈ ಪ್ರಶಸ್ತಿಯನ್ನು ಮೊದಲ ಬಾರಿ ಪ್ರದಾನ ಮಾಡಿದಾಗ ಅದು ಲಾಸ್ ಏಂಜಲೀಸ್ ಸುತ್ತಮುತ್ತಲಿನ ಕಾರ್ಯಕ್ರಮಗಳಿಗಷ್ಟೇ ಸೀಮಿತವಾಗಿತ್ತು. ಕೆಲವೇ ವರ್ಷಗಳಲ್ಲಿ ಅದು ರಾಷ್ಟ್ರಮಟ್ಟದ ಗೌರವವಾಗಿ ಬೆಳೆಯಿತು. ಆ ಬೆಳವಣಿಗೆಯ ಕಾಲದಲ್ಲಿ ಮನೆಮನೆಯ ಹೆಸರಾದವರು ನಗೆನಟಿ ಲೂಸಿಲ್ ಬಾಲ್. ಅಭಿನಯಕ್ಕಾಗಿ ನಾಲ್ಕು ಬಾರಿ ಎಮ್ಮಿ ಪಡೆದ ಈ ಕಲಾವಿದೆಯ ಬಹುದೊಡ್ಡ ಸಾಧನೆಗೆ ಮಾತ್ರ ಆ ವೇದಿಕೆಯಲ್ಲಿ ವಿಭಾಗವೇ ಇರಲಿಲ್ಲ.

ಲೂಸಿಲ್ ಜನಿಸಿದ್ದು 1911ರ ಆಗಸ್ಟ್ 6ರಂದು, ನ್ಯೂಯಾರ್ಕ್ ರಾಜ್ಯದ ಜೇಮ್ಸ್‌ಟೌನ್‌ನಲ್ಲಿ. ದೂರವಾಣಿ ಸಂಸ್ಥೆಯಲ್ಲಿ ತಂತಿ ಎಳೆಯುವ ಕೆಲಸದಲ್ಲಿದ್ದ ತಂದೆ 1915ರಲ್ಲಿ ವಿಷಮಶೀತ ಜ್ವರಕ್ಕೆ ಬಲಿಯಾದಾಗ ಆಕೆಗೆ ಇನ್ನೂ ನಾಲ್ಕು ತುಂಬಿರಲಿಲ್ಲ. ಹದಿಹರೆಯದಲ್ಲಿ ನ್ಯೂಯಾರ್ಕ್ ನಗರದ ನಾಟಕ ಶಾಲೆಗೆ ಸೇರಿದರೂ, ಈಕೆಗೆ ಅಭಿನಯ ಒಲಿಯದು ಎಂದು ಶಾಲೆಯವರು ಮನೆಗೆ ಕಳುಹಿಸಿದರು. ಆದರೂ ಛಲ ಬಿಡದೆ ರೂಪದರ್ಶಿಯಾಗಿ ದುಡಿದು 1933ರಲ್ಲಿ ಹಾಲಿವುಡ್ ತಲುಪಿದರು. ಆರ್‌ಕೆಒ ಸ್ಟುಡಿಯೊದ ಸಂಬಳದ ನಟಿಯಾಗಿ ಹತ್ತಾರು ಚಿತ್ರಗಳಲ್ಲಿ ಕಾಣಿಸಿಕೊಂಡರೂ ಅಗ್ರತಾರೆಯ ಪಟ್ಟ ಕೈಗೆಟುಕಲಿಲ್ಲ. 1940ರಲ್ಲಿ ಕ್ಯೂಬಾ ಮೂಲದ ಸಂಗೀತಗಾರ ಡೆಸಿ ಅರ್ನಾಜ್ ಅವರನ್ನು ವರಿಸಿದರು.

ತಿರುವು ದೊರೆತದ್ದು ಬಾನುಲಿಯಿಂದ. 1948ರಲ್ಲಿ ಆರಂಭವಾದ ಆಕೆಯ ಹಾಸ್ಯ ಕಾರ್ಯಕ್ರಮ ಜನಪ್ರಿಯವಾದಾಗ ಸಿಬಿಎಸ್ ಸಂಸ್ಥೆ ಅದನ್ನು ಕಿರುತೆರೆಗೆ ತರಲು ಮುಂದಾಯಿತು. ತೆರೆಯ ಮೇಲಿನ ಪತಿಯೂ ಡೆಸಿ ಅವರೇ ಆಗಬೇಕೆಂದು ಲೂಸಿಲ್ ಪಟ್ಟು ಹಿಡಿದರು. ಅಮೆರಿಕದ ಗೃಹಿಣಿಗೆ ಕ್ಯೂಬಾದ ಉಚ್ಚಾರಣೆಯ ಗಂಡನನ್ನು ಪ್ರೇಕ್ಷಕರು ಒಪ್ಪಲಾರರು ಎಂಬುದು ಅಧಿಕಾರಿಗಳ ಅಳುಕಾಗಿತ್ತು. ದಂಪತಿ 1950ರಲ್ಲಿ ಊರೂರು ತಿರುಗಿ ವೇದಿಕೆ ಪ್ರದರ್ಶನ ನೀಡಿ ಆ ಅಳುಕನ್ನು ಸುಳ್ಳಾಗಿಸಿದರು.

ಎರಡನೆಯ ಹಗ್ಗಜಗ್ಗಾಟ ನಡೆದದ್ದು ಚಿತ್ರೀಕರಣದ ಬಗ್ಗೆ. ಅಂದಿನ ಬಹುತೇಕ ಕಾರ್ಯಕ್ರಮಗಳು ನ್ಯೂಯಾರ್ಕ್‌ನಿಂದ ನೇರ ಪ್ರಸಾರವಾಗುತ್ತಿದ್ದವು. ದೇಶದ ಇತರ ಭಾಗಗಳಿಗೆ ದೊರೆಯುತ್ತಿದ್ದುದು ತೆರೆಯಿಂದಲೇ ಚಿತ್ರೀಕರಿಸಿದ ಮಸುಕು ಪ್ರತಿ. ಹಾಲಿವುಡ್ ಬಿಡಲೊಪ್ಪದ ದಂಪತಿ, ಪ್ರೇಕ್ಷಕರ ಎದುರಿನಲ್ಲೇ ಮೂರು ಕ್ಯಾಮೆರಾಗಳಿಂದ 35 ಮಿ.ಮೀ. ಫಿಲ್ಮಿನಲ್ಲಿ ಚಿತ್ರೀಕರಿಸಲು ನಿರ್ಧರಿಸಿದರು. ಮೂಕಿಚಿತ್ರ ಯುಗದ ಹೆಸರಾಂತ ಛಾಯಾಗ್ರಾಹಕ ಕಾರ್ಲ್ ಫ್ರಾಯಿಂಡ್ ಅದಕ್ಕೆ ಬೆಳಕಿನ ವ್ಯವಸ್ಥೆ ರೂಪಿಸಿದರು. ಹೆಚ್ಚುವರಿ ವೆಚ್ಚ ಯಾರು ಭರಿಸಬೇಕೆಂಬ ಪ್ರಶ್ನೆ ಎದ್ದಾಗ ದಂಪತಿ ವಾರಕ್ಕೆ 1,000 ಡಾಲರ್ ಸಂಬಳ ಕಡಿತಕ್ಕೆ ಒಪ್ಪಿದರು. ಅದಕ್ಕೆ ಪ್ರತಿಯಾಗಿ ಕೇಳಿದ್ದು ಫಿಲ್ಮಿನ ಒಡೆತನ. ಪ್ರಸಾರವಾದ ಕಂತಿಗೆ ಮರುಬೆಲೆ ಇರಬಹುದೆಂದು ಆಗ ಬಹುಮಂದಿ ಎಣಿಸಿರಲಿಲ್ಲ. ದಂಪತಿಯ ಡೆಸಿಲು ಸಂಸ್ಥೆಗೆ ಆ ಒಡೆತನ ಸುಲಭವಾಗಿಯೇ ದೊರೆಯಿತು.

1951ರ ಅಕ್ಟೋಬರ್ 15ರಂದು ‘ಐ ಲವ್ ಲೂಸಿ’ ಪ್ರಸಾರ ಆರಂಭವಾಯಿತು. 1952ರ ಎಮ್ಮಿ ಸಮಾರಂಭದಲ್ಲಿ ಪ್ರಶಸ್ತಿ ಪಡೆದ ಹಾಸ್ಯನಟ ರೆಡ್ ಸ್ಕೆಲ್ಟನ್, ಈ ಗೌರವ ಲೂಸಿಲ್‌ಗೆ ಸಲ್ಲಬೇಕಿತ್ತೆಂದು ವೇದಿಕೆಯಲ್ಲೇ ಘೋಷಿಸಿದರು. ಅದೇ ವರ್ಷ ಲೂಸಿಲ್ ಗರ್ಭಿಣಿಯಾದಾಗ ಕಥೆಯ ಲೂಸಿಯನ್ನೂ ಗರ್ಭಿಣಿಯಾಗಿ ತೋರಿಸಲಾಯಿತು. ಆದರೆ ಆ ಶಬ್ದವನ್ನು ತೆರೆಯ ಮೇಲೆ ಉಚ್ಚರಿಸಲು ಸಿಬಿಎಸ್ ಬಿಡಲಿಲ್ಲ. 1953ರ ಜನವರಿ 19ರಂದು ಲೂಸಿಯ ಹೆರಿಗೆಯ ಕಂತನ್ನು ಸುಮಾರು 4.4 ಕೋಟಿ ಜನ ವೀಕ್ಷಿಸಿದರು. ಮರುದಿನದ ಅಧ್ಯಕ್ಷ ಐಸೆನ್‌ಹೋವರ್ ಪ್ರಮಾಣವಚನಕ್ಕೂ ಅಷ್ಟು ವೀಕ್ಷಕರಿರಲಿಲ್ಲ. ಹದಿನೇಳು ದಿನಗಳ ಬಳಿಕ, ಫೆಬ್ರುವರಿ 5ರಂದು ನಡೆದ ಸಮಾರಂಭದಲ್ಲಿ ಲೂಸಿಲ್ ಶ್ರೇಷ್ಠ ಹಾಸ್ಯನಟಿಯಾಗಿಯೂ ಅವರ ಧಾರಾವಾಹಿ ಶ್ರೇಷ್ಠ ಹಾಸ್ಯ ಧಾರಾವಾಹಿಯಾಗಿಯೂ ಎಮ್ಮಿ ಗೆದ್ದವು.

ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಎಲ್ಲವೂ ಕೈತಪ್ಪುವ ಲಕ್ಷಣ ಕಾಣಿಸಿತು. 1936ರಲ್ಲಿ ಅಜ್ಜನ ಮನಸ್ಸು ನೋಯಿಸಲಾರದೆ ಕಮ್ಯುನಿಸ್ಟ್ ಪಕ್ಷದ ಮತದಾರಳೆಂದು ಹೆಸರು ನೋಂದಾಯಿಸಿದ್ದ ಸಂಗತಿ ಪತ್ರಿಕೆಗಳಿಗೆ ದೊರೆಯಿತು. ಅಂತಹ ಆರೋಪದಿಂದಲೇ ಅನೇಕ ಕಲಾವಿದರು ಕೆಲಸ ಕಳೆದುಕೊಂಡಿದ್ದ ಕಾಲವದು. ಡೆಸಿ ಚಿತ್ರೀಕರಣಕ್ಕೆ ಬಂದ ಪ್ರೇಕ್ಷಕರ ಮುಂದೆ ನಿಂತು ಪತ್ನಿಯನ್ನು ಸಮರ್ಥಿಸಿಕೊಂಡರು. ಪ್ರೇಕ್ಷಕರು ಕೈಬಿಡಲಿಲ್ಲ, ಪ್ರಾಯೋಜಕರೂ ಕದಲಲಿಲ್ಲ. 1954ರ ಫೆಬ್ರುವರಿಯಲ್ಲಿ ಧಾರಾವಾಹಿ ಮತ್ತೆ ಎಮ್ಮಿ ಪಡೆಯಿತು. ಲೂಸಿಯ ಗೆಳತಿಯ ಪಾತ್ರ ವಹಿಸಿದ್ದ ವಿವಿಯನ್ ವ್ಯಾನ್ಸ್ ಕೂಡ ಪುರಸ್ಕೃತರಾದರು. ಲೂಸಿಲ್‌ಗೆ ಎರಡನೆಯ ಎಮ್ಮಿ ಬಂದದ್ದು 1956ರಲ್ಲಿ. ಮೂರು ಕ್ಯಾಮೆರಾ ಪದ್ಧತಿಯನ್ನು ಕಾರ್ಯರೂಪಕ್ಕೆ ತಂದ, ಪತಿಯ ಪಾತ್ರವನ್ನು ಮನೆಮಾತಾಗಿಸಿದ ಡೆಸಿ ಅವರ ಹೆಸರು ಮಾತ್ರ ಅಭಿನಯದ ನಾಮನಿರ್ದೇಶನ ಪಟ್ಟಿಗೂ ಬರಲಿಲ್ಲ.

ಫಿಲ್ಮಿನ ಒಡೆತನ ಫಲ ಕೊಟ್ಟಿತು. ಮರುಪ್ರಸಾರದ ಹಕ್ಕು ಸಿಬಿಎಸ್‌ಗೆ ದೊಡ್ಡ ಮೊತ್ತಕ್ಕೆ ಮಾರಾಟವಾಯಿತು. ಒಂದು ಕಾಲದಲ್ಲಿ ಲೂಸಿಲ್ ಸಂಬಳಕ್ಕಿದ್ದ ಆರ್‌ಕೆಒ ಸ್ಟುಡಿಯೊವನ್ನು 1957ರಲ್ಲಿ ಡೆಸಿಲು ಖರೀದಿಸಿತು. ಆದರೆ ದಾಂಪತ್ಯ ಉಳಿಯಲಿಲ್ಲ. 1960ರಲ್ಲಿ ವಿಚ್ಛೇದನವಾಯಿತು. 1962ರಲ್ಲಿ ಲೂಸಿಲ್ ಡೆಸಿ ಅವರ ಪಾಲನ್ನು ಕೊಂಡು ಸಂಸ್ಥೆಯ ಅಧ್ಯಕ್ಷರಾದರು. ಅಮೆರಿಕದ ದೊಡ್ಡ ಟೆಲಿವಿಷನ್ ಸ್ಟುಡಿಯೊ ಒಂದನ್ನು ಮುನ್ನಡೆಸಿದ ಮೊದಲ ಮಹಿಳೆ ಅವರು. ‘ಸ್ಟಾರ್ ಟ್ರೆಕ್’ ಮತ್ತು ‘ಮಿಷನ್: ಇಂಪಾಸಿಬಲ್’ 1966ರಲ್ಲಿ ತೆರೆಕಂಡದ್ದು ಅವರ ಆಡಳಿತದಲ್ಲೇ. 1967ರ ಎಮ್ಮಿ ಸಮಾರಂಭದಲ್ಲಿ ‘ದಿ ಲೂಸಿ ಶೋ’ಗಾಗಿ ಅವರು ಶ್ರೇಷ್ಠ ಹಾಸ್ಯನಟಿ ಎನಿಸಿದರೆ, ಅವರ ಸ್ಟುಡಿಯೊದ ‘ಮಿಷನ್: ಇಂಪಾಸಿಬಲ್’ ಶ್ರೇಷ್ಠ ನಾಟಕೀಯ ಧಾರಾವಾಹಿ ಎನಿಸಿತು. ಆ ವರ್ಷವೇ ಸಂಸ್ಥೆಯನ್ನು 1.7 ಕೋಟಿ ಡಾಲರ್‌ಗೆ ಗಲ್ಫ್ ಅಂಡ್ ವೆಸ್ಟರ್ನ್‌ಗೆ ಮಾರಲಾಯಿತು. 1968ರಲ್ಲಿ ನಾಲ್ಕನೆಯ ಎಮ್ಮಿ ಬಂದಾಗ ಅವರು ಸ್ಟುಡಿಯೊದ ಒಡತಿಯಾಗಿ ಉಳಿದಿರಲಿಲ್ಲ.

1986ರಲ್ಲಿ ಮಾಡಿದ ಕೊನೆಯ ಧಾರಾವಾಹಿ ಎಂಟು ಕಂತುಗಳಿಗೇ ನಿಂತುಹೋಯಿತು. ಅದೇ ಡಿಸೆಂಬರ್ 2ರಂದು ಡೆಸಿ ಕಣ್ಮುಚ್ಚಿದರು. 1989ರ ಏಪ್ರಿಲ್ 26ರಂದು, 77ನೆಯ ವಯಸ್ಸಿನಲ್ಲಿ ಲೂಸಿಲ್ ನಿಧನರಾದರು. ಆ ಸೆಪ್ಟೆಂಬರ್‌ನ ಎಮ್ಮಿ ಸಮಾರಂಭದಲ್ಲಿ ಅವರಿಗೆ ಮರಣೋತ್ತರವಾಗಿ ಗವರ್ನರ್ಸ್ ಪ್ರಶಸ್ತಿ ನೀಡಲಾಯಿತು. ಅವರೊಡನೆ ಪುರಸ್ಕೃತರಾದ ಆ ಕಾಲದ ಅನೇಕರ ನೇರ ಪ್ರಸಾರದ ಕಾರ್ಯಕ್ರಮಗಳು ಮಸುಕು ಪ್ರತಿಗಳಾಗಿ ಉಳಿದಿವೆ, ಕೆಲವಂತೂ ಅಳಿದೇಹೋಗಿವೆ. ಸಂಬಳ ಬಿಟ್ಟುಕೊಟ್ಟು ಫಿಲ್ಮಿನಲ್ಲಿ ಉಳಿಸಿಕೊಂಡ ‘ಐ ಲವ್ ಲೂಸಿ’ಯ ಕಂತುಗಳನ್ನು ಜನ ಇಂದಿಗೂ ನೋಡಿ ನಗಬಹುದಾಗಿದೆ.